ಆಲೋಚನಾ ವಿಧಾನಗಳನ್ನು ಸೂಚಿಸುವ ಇಂಗ್ಲಿಷ್ ಪದಗಳು ಮತ್ತು ಕನ್ನಡದ ಕ್ರಿಯಾಪದಗಳು

ಆಲೋಚನೆಯ ಬಗೆಗಳನ್ನು ಹೆಸರಿಸುವಲ್ಲಿ ಇಂಗ್ಲಿಷ್ ಭಾಷೆಯು ಬಹುಮಟ್ಟಿಗೆ ವಿಶೇಷಣಗಳನ್ನು ಅವಲಂಬಿಸಿದೆ. ‘ಥಿಂಕಿಂಗ್’ ಎಂಬ ಒಂದೇ ಪದದ ಹಿಂದೆ ಅನಲಿಟಿಕಲ್, ಕ್ರಿಟಿಕಲ್, ರಿಫ್ಲೆಕ್ಟಿವ್ ಮೊದಲಾದವನ್ನು ಇರಿಸಿ ಅದು ಮನೋವ್ಯಾಪಾರಗಳನ್ನು ವರ್ಗೀಕರಿಸುತ್ತದೆ. 1910ರಲ್ಲಿ ಜಾನ್ ಡ್ಯೂಯಿ ‘ಹೌ ವಿ ಥಿಂಕ್’ ಕೃತಿಯಲ್ಲಿ ರಿಫ್ಲೆಕ್ಟಿವ್ ಆಲೋಚನೆಯನ್ನು ವಿವರಿಸಿದರು. 1967ರಲ್ಲಿ ಎಡ್ವರ್ಡ್ ಡಿ ಬೋನೊ ‘ಲ್ಯಾಟರಲ್’ ಎಂಬ ವಿಶೇಷಣವನ್ನು ಈ ಸಾಲಿಗೆ ಸೇರಿಸಿದರು. ಈ ಪದಗಳು ಶಿಕ್ಷಣದ ಮೂಲಕ ಕನ್ನಡಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊಸ ಪರಿಕಲ್ಪನೆಗಳಿಗೆ ಸಂಸ್ಕೃತದ ನೆರವು ಪಡೆಯುವುದು ಆಧುನಿಕ ಕನ್ನಡದ ರೂಢಿ. ಬಿಂಡಿಗನವಿಲೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಬಿ. ವೆಂಕಟಾಚಾರ್ಯರು (1845-1914) ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದಾಗ ಎರಡು ಭಾಷೆಗಳಿಗೂ ಸಮಾನವಾಗಿದ್ದ ಸಂಸ್ಕೃತ ಪದಸಂಪತ್ತು ಸೇತುವೆಯಾಗಿ ಒದಗಿತ್ತು. ಅದೇ ಆಕರದಿಂದ ವಿಶ್ಲೇಷಣಾತ್ಮಕ, ವಿಮರ್ಶಾತ್ಮಕ, ಸೃಜನಾತ್ಮಕ ಎಂಬ ಪದಗಳು ಸಿದ್ಧವಾಗಿವೆ.

ಇವುಗಳಲ್ಲಿ ಕೆಲವು ಮೂಲಕ್ಕೆ ಸಮೀಪವಾಗಿವೆ. ‘ಅನಾಲಿಸಿಸ್’ನ ಗ್ರೀಕ್ ಮೂಲಕ್ಕೆ ಬಿಡಿಸುವುದು ಎಂಬ ಅರ್ಥವಿದೆ, ‘ವಿಶ್ಲೇಷಣೆ’ಯಲ್ಲಿಯೂ ಅಂಟಿಕೊಂಡದ್ದನ್ನು ಬೇರ್ಪಡಿಸುವ ಭಾವವಿದೆ. ಆದರೆ ‘ಕ್ರಿಟಿಕಲ್’ನ ಗ್ರೀಕ್ ಮೂಲವು ಬೇರ್ಪಡಿಸಿ ತೀರ್ಮಾನಿಸುವುದನ್ನು ಸೂಚಿಸಿದರೆ, ‘ವಿಮರ್ಶೆ’ಯ ಧಾತುವು ಮುಟ್ಟಿ ನೋಡುವುದನ್ನು ಸೂಚಿಸುತ್ತದೆ. ಬಳಕೆಯಲ್ಲಿ ‘ವಿಮರ್ಶೆ’ಯು ಸಾಹಿತ್ಯಕ್ಕೆ ಅಂಟಿಕೊಂಡಿದೆ, ‘ಟೀಕೆ’ಯು ದೋಷಾರೋಪಣೆಯ ಕಡೆಗೆ ವಾಲಿದೆ. ಹೀಗಾಗಿ ‘ವಿಮರ್ಶಾತ್ಮಕವಾಗಿ ಆಲೋಚಿಸಿರಿ’ ಎಂಬ ಸೂಚನೆಯನ್ನು ಓದಿದ ವಿದ್ಯಾರ್ಥಿಗೆ ಮಾಡಬೇಕಾದ ಕೆಲಸ ಯಾವುದೆಂದು ಸ್ಪಷ್ಟವಾಗುವುದಿಲ್ಲ.

ಕನ್ನಡದ ಸಹಜ ಪ್ರವೃತ್ತಿ ಬೇರೆಯದು. ಅದು ಆಲೋಚನೆಯ ಬಗೆಯನ್ನು ವಿಶೇಷಣದಿಂದಲ್ಲ, ಕ್ರಿಯೆಯಿಂದ ಹೇಳುತ್ತದೆ: ತೂಗಿ ನೋಡು, ಅಳೆದು ಸುರಿ, ಒರೆಗೆ ಹಚ್ಚು, ಬಿಡಿಸಿ ನೋಡು, ಹಿಂದುಮುಂದು ನೋಡು, ಮೆಲುಕು ಹಾಕು. ತಕ್ಕಡಿ, ಕೊಳಗ, ಒರೆಗಲ್ಲು, ದನದ ಕೊಟ್ಟಿಗೆ ಇವುಗಳಿಂದ ಬಂದ ಈ ನುಡಿಗಳಲ್ಲಿ ಪ್ರತಿಯೊಂದಕ್ಕೂ ಖಚಿತವಾದ ವಿಧಾನವಿದೆ. ‘ಇಂಟ್ಯೂಷನ್’ಗೆ ಸಮೀಪವಾದ ‘ಹೊಳೆ’ ಎಂಬ ಕ್ರಿಯಾಪದವಂತೂ ಆಲೋಚಿಸುವವನನ್ನೇ ಕರ್ತೃಸ್ಥಾನದಿಂದ ಇಳಿಸುತ್ತದೆ: ‘ನಾನು ಹೊಳೆದೆ’ ಎನ್ನುವುದಿಲ್ಲ, ‘ನನಗೆ ಹೊಳೆಯಿತು’ ಎನ್ನುತ್ತೇವೆ.

ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯಂಥ ಹೋಬಳಿ ಕೇಂದ್ರದ ಕನ್ನಡ ಮಾಧ್ಯಮದ ವಿದ್ಯಾರ್ಥಿಯನ್ನು ಇಲ್ಲಿ ನೆನೆಯಬೇಕು. ದನ ಕೊಳ್ಳುವಾಗ ಹಿರಿಯರು ಹಲ್ಲು ನೋಡುತ್ತಾರೆ, ಸುಳಿಯನ್ನೂ ನೋಡುತ್ತಾರೆ. ಹಲ್ಲಿನಿಂದ ವಯಸ್ಸು ತಿಳಿಯುತ್ತದೆ. ಸುಳಿಯಿಂದ ಮನೆಯ ಭಾಗ್ಯ ತಿಳಿಯುವುದೇ ಎಂದು ಬಾಲಕನೊಬ್ಬ ಕೇಳಿದರೆ, ಅವನು ಎರಡು ಸಾಕ್ಷ್ಯಗಳನ್ನು ಒರೆಗೆ ಹಚ್ಚಿದಂತಾಯಿತು. ‘ಕ್ರಿಟಿಕಲ್ ಥಿಂಕಿಂಗ್’ ಎಂದರೆ ಇದೇ. ಆದರೆ ಪಠ್ಯದ ಪಾರಿಭಾಷಿಕ ಪದವು ಈ ಅನುಭವದೊಡನೆ ಸಂಬಂಧ ಕಲ್ಪಿಸದಿದ್ದರೆ, ತನಗೆ ಈಗಾಗಲೇ ಬರುವ ವಿದ್ಯೆಯನ್ನೇ ಅವನು ತನಗೆ ಬಾರದ್ದೆಂದು ಭಾವಿಸುತ್ತಾನೆ. ಪದದ ಸಮಸ್ಯೆಯು ಆತ್ಮವಿಶ್ವಾಸದ ಸಮಸ್ಯೆಯಾಗುವುದು ಹೀಗೆ.

ಈ ಅಂತರವನ್ನು ತುಂಬಬಹುದೆಂಬುದಕ್ಕೆ ಇದೇ ಸೀಮೆಯಲ್ಲಿ ನಿದರ್ಶನಗಳಿವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು 1991ರ ‘ದೇವರು’ ಕೃತಿಯಲ್ಲಿ ಕಠಿಣವಾದ ತಾತ್ತ್ವಿಕ ಪ್ರಶ್ನೆಗಳನ್ನು ತಿಳಿಗನ್ನಡದಲ್ಲಿ ಚರ್ಚಿಸಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಜನಿಸಿದ ಜಿ. ವೆಂಕಟಸುಬ್ಬಯ್ಯನವರು (1913-2021) ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತ ನಿಘಂಟಿನ ಪಾಂಡಿತ್ಯವನ್ನು ಜನಬಳಕೆಯೊಡನೆ ಬೆಸೆದರು.

ಇಂಗ್ಲಿಷಿನ ಶಿಕ್ಷಣಶಾಸ್ತ್ರವೂ ಕ್ರಿಯಾಪದಗಳತ್ತ ತಿರುಗಿರುವುದು ಗಮನಾರ್ಹ. 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ರೂಪಿಸಿದ ವರ್ಗೀಕರಣದ ಆರು ಹಂತಗಳು ನಾಮಪದಗಳಾಗಿದ್ದವು. 2001ರ ಪರಿಷ್ಕರಣದಲ್ಲಿ ಅವು ಕ್ರಿಯಾಪದಗಳಾದವು. ಆಲೋಚನೆಯು ಒಂದು ವಸ್ತುವಲ್ಲ, ಮಾಡುವ ಕೆಲಸ ಎಂಬ ತಿಳಿವಳಿಕೆ ಇದರ ಹಿಂದಿದೆ.

ಪಾರಿಭಾಷಿಕ ಪದಗಳನ್ನು ಕೈಬಿಡಬೇಕೆಂಬುದು ಇದರ ಅರ್ಥವಲ್ಲ. ‘ತೂಗಿ ನೋಡು’ ಎಂಬುದರಿಂದ ಶಾಸ್ತ್ರಗ್ರಂಥಕ್ಕೆ ಬೇಕಾದ ನಾಮಪದ, ವಿಶೇಷಣಗಳನ್ನು ಸುಲಭವಾಗಿ ಸಾಧಿಸಲಾಗದು. ಉನ್ನತ ವ್ಯಾಸಂಗಕ್ಕೆ ‘ವಿಮರ್ಶಾತ್ಮಕ’ವೂ ಬೇಕು. ಆದರೆ ಮೊದಲು ಕ್ರಿಯೆ, ಬಳಿಕ ಹೆಸರು ಎಂಬ ಕ್ರಮವನ್ನು ಪಠ್ಯಗಳು ಅನುಸರಿಸಿದರೆ, ಒರೆಗಲ್ಲಿನಿಂದ ಪರಿಭಾಷೆಗೆ ಸಾಗುವ ದಾರಿ ವಿದ್ಯಾರ್ಥಿಗೆ ಕಾಣುತ್ತದೆ.