ಖಿನ್ನತೆಯ ಔಷಧವೂ ವಂಶವಾಹಿಯ ಲೆಕ್ಕವೂ

ಖಿನ್ನತೆಗೆಂದು ವೈದ್ಯರು ಬರೆದುಕೊಡುವ ಗುಳಿಗೆಯು ಒಬ್ಬರಿಗೆ ಹಿಡಿಸಿ, ಅದೇ ಪ್ರಮಾಣದಲ್ಲಿ ಇನ್ನೊಬ್ಬರಿಗೆ ವಾಕರಿಕೆ, ನಿದ್ರಾಭಂಗಗಳನ್ನು ತರುವುದುಂಟು. ಇದಕ್ಕೆ ಒಂದು ಕಾರಣ ಯಕೃತ್ತಿನಲ್ಲಿದೆ. ಸಿಟಲೋಪ್ರಾಮ್, ಎಸ್ಸಿಟಲೋಪ್ರಾಮ್ ಎಂಬ ಔಷಧಗಳನ್ನು ಅಲ್ಲಿ ವಿಭಜಿಸುವ ಕಿಣ್ವಗಳಲ್ಲಿ ಸಿ.ವೈ.ಪಿ. 2ಸಿ19 ಎಂಬುದು ಮುಖ್ಯವಾದುದು. ತಂದೆತಾಯಿಗಳಿಬ್ಬರಿಂದಲೂ ಇದರ ನಿಷ್ಕ್ರಿಯ ವಂಶವಾಹಿಯನ್ನೇ ಪಡೆದವರಲ್ಲಿ ಔಷಧವು ರಕ್ತದಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಹೃದಯದ ಬಡಿತ ಏರುಪೇರಾಗುವ ಅಪಾಯವನ್ನು ಮನಗಂಡು, ಅಂಥವರಿಗೆ ಸಿಟಲೋಪ್ರಾಮನ್ನು ದಿನಕ್ಕೆ 20 ಮಿಲಿಗ್ರಾಮಿಗಿಂತ ಹೆಚ್ಚು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿ ಸೂಚಿಸಿತು.

ಯುರೋಪ್ ಮೂಲದವರಲ್ಲಿ ಇಂಥವರು ನೂರಕ್ಕೆ ಎರಡು ಮೂರು ಮಂದಿ. ದಕ್ಷಿಣ ಏಷ್ಯದವರಲ್ಲಿ ಅವರ ಪ್ರಮಾಣ ಸುಮಾರು ನೂರಕ್ಕೆ ಹತ್ತು, ಅಥವಾ ಅದಕ್ಕಿಂತ ತುಸು ಹೆಚ್ಚು. ಹೀಗಿದ್ದೂ ಖಿನ್ನತೆಯ ಆನುವಂಶಿಕ ಸಂಶೋಧನೆಗೆ ಒಳಪಟ್ಟವರಲ್ಲಿ ಬಹುಪಾಲು ಯುರೋಪ್ ಮೂಲದವರೇ. ಪರವೂರಿನ ಶಾಖೆಯ ಲೆಡ್ಜರನ್ನು ಮುಂದಿಟ್ಟುಕೊಂಡು ಇಲ್ಲಿಯ ಗಿರಾಕಿಯ ಬಾಕಿ ಹೇಳಿದಂತಾಯಿತು ಇದು!

ಹಾಗಾದರೆ ಭಾರತೀಯರೆಲ್ಲರಿಗೂ ಪ್ರಮಾಣವನ್ನು ತಗ್ಗಿಸಿಬಿಡೋಣವೇ? ಅದೂ ಅನ್ಯಾಯವೇ. ಹತ್ತು ಮಂದಿಯನ್ನು ಕಾಯಲು ಹೋಗಿ, ಪೂರ್ಣ ಪ್ರಮಾಣ ಬೇಕಾದ ಅನೇಕರ ಕಾಯಿಲೆಯನ್ನು ಹಾಗೆಯೇ ಉಳಿಸಿದಂತಾಗುತ್ತದೆ. ಜನಾಂಗವೆಂಬುದು ಒಂದು ಸರಾಸರಿ, ರೋಗಿಯು ಸರಾಸರಿಯಲ್ಲ. ಮುಂಬಯಿಯ ಒಂದೇ ಚಾಳಿನಲ್ಲಿ ಕುಮಟೆಯವರು, ಕಚ್ಛಿನವರು, ರತ್ನಾಗಿರಿಯವರು, ಗೋರಖಪುರದವರು ನೆರೆಹೊರೆಯಾಗಿರುವಾಗ, ‘ಏಷ್ಯದವರು’ ಎಂಬ ಒಂದೇ ಹೆಸರಿನಿಂದ ಇವರೆಲ್ಲರ ಯಕೃತ್ತನ್ನು ಅಳೆಯಲಾದೀತೇ?

2020ರಲ್ಲಿ ಆರಂಭವಾದ ‘ಜಿನೋಮ್ ಇಂಡಿಯಾ’ ಯೋಜನೆಯು, ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಸುಮಾರು 10,000 ಭಾರತೀಯರ ವಂಶವಾಹಿ ವಿವರವನ್ನು ಕಲೆಹಾಕಿತು. 2025ರ ಜನವರಿಯಲ್ಲಿ ಅದು ಸಂಶೋಧಕರಿಗೆ ತೆರೆಯಿತು. ಇದು ಸ್ವಾಗತಾರ್ಹ. ಆದರೆ ಯಾವ ಗುಳಿಗೆಯಿಂದ ಯಾರು ಗುಣವಾದರೆಂಬ ಪರೀಕ್ಷೆಯು ಬೇರೆಯದೇ ಕೆಲಸ.

ಇನ್ನು ಖರ್ಚಿನ ಮಾತು. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಖಿನ್ನತೆಯುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅವರ ಮುಂದೆ ಸಾವಿರಾರು ರೂಪಾಯಿಯ ವಂಶವಾಹಿ ಪರೀಕ್ಷೆಯನ್ನಿಡುವುದು ನಗೆಪಾಟಲು. ಹಿಂದೆ ಯಾವ ಮದ್ದು ಒಗ್ಗಲಿಲ್ಲ, ಮನೆಯವರಲ್ಲಿ ಯಾರಿಗೆ ಯಾವುದು ತೊಂದರೆ ಕೊಟ್ಟಿತು ಎಂಬುದನ್ನು ವೈದ್ಯರಿಗೆ ಹೇಳಲು ಮಾತ್ರ ಖರ್ಚಿಲ್ಲ. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಪರೇಲದ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 14416ಕ್ಕೆ ಫೋನ್ ಮಾಡಿದರೆ ಸರಕಾರದ ‘ಟೆಲಿ ಮಾನಸ್’ ಸಲಹೆಗಾರರೊಡನೆ ಕನ್ನಡದಲ್ಲಿಯೂ ಮಾತನಾಡಬಹುದು.