ನಂಗಲಿಯಿಂದ ಕಡಲಿಗೆ ಹೊರಟ ಹುಡುಗರಿಗೆ

ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಟೊಮೆಟೊಗೆ ಒಳ್ಳೆ ರೇಟು ಸಿಕ್ಕಿದರೆ ಸಾಕು, ನಮ್ಮೂರ ಹುಡುಗರ ಬಾಯಲ್ಲಿ ಒಂದೇ ಮಾತು: ಟೆಂಪೊ ಟ್ರಾವೆಲರ್ ಮಾಡಿಕೊಂಡು ಮಂಗಳೂರು, ಉಡುಪಿ ಕಡೆ ಹೋಗಿಬರೋಣ. ಹೋಗಿ ಕಣ್ರಪ್ಪಾ, ಬೇಡ ಅನ್ನುವ ಮುದುಕ ನಾನಲ್ಲ. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಮೂಡಣ ಎಲ್ಲೆ ನಮ್ಮ ನಂಗಲಿ ಘಟ್ಟ, ಪಡುವಣ ಎಲ್ಲೆ ಬಾರಕನೂರು ಘಟ್ಟ ಅಂತ ಶಾಸನದಲ್ಲೇ ಇದೆ. ಆ ಕೊನೆ ಈ ಕೊನೆ ನೋಡುವ ಆಸೆ ನಿಮಗೂ ಇರಲಿ. ಊರ ಮುಂದಿನ ಹೆದ್ದಾರಿ 75ನ್ನೇ ಹಿಡಿದು ಕೋಲಾರ, ಬೆಂಗಳೂರು, ಹಾಸನ, ಶಿರಾಡಿ ಘಾಟಿ ದಾಟಿದರೆ ಬಂಟ್ವಾಳ. ಅಲ್ಲಿಂದ ಕಡಲು ಕೂಗಳತೆ. ನಾನು ಹೇಳಬೇಕಾದದ್ದು ರಸ್ತೆಯ ಬಗ್ಗೆ ಅಲ್ಲ, ನೀರಿನ ಬಗ್ಗೆ.

2024ರ ಡಿಸೆಂಬರ್ 10ನ್ನು ನಮ್ಮ ತಾಲ್ಲೂಕು ಮರೆಯುವಂತಿಲ್ಲ. ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸ ಹೋದ ಮಕ್ಕಳಲ್ಲಿ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ತಪ್ಪು ಯಾರದು ಅನ್ನುವ ಲೆಕ್ಕ ಇಲ್ಲಿ ಬೇಡ. ಬಯಲುಸೀಮೆಯಲ್ಲಿ ಬೆಳೆದವರಿಗೆ ಸಮುದ್ರದ ನಡತೆ ಹೇಳಿಕೊಡುವವರು ಯಾರೂ ಇಲ್ಲ, ಅದನ್ನಷ್ಟೇ ಹೇಳುತ್ತೇನೆ.

ವರ್ಷವೆಲ್ಲ ಹರಿಯುವ ಒಂದು ಹೊಳೆ ನಮ್ಮ ಜಿಲ್ಲೆಯಲ್ಲಿಲ್ಲ. ನಮ್ಮ ಕಾಲದವರು ಕಪಿಲೆ ಬಾವಿಗೆ ಧುಮುಕಿ ಈಜು ಕಲಿತೆವು. ಬಾವಿಗಳು ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಹುಟ್ಟಿದವರು ನೀವು. ನಿಮ್ಮಲ್ಲಿ ಬಹಳ ಜನಕ್ಕೆ ಈಜೇ ಬಾರದು. ಇನ್ನು ಈಜು ಬರುತ್ತದೆ ಅನ್ನುವವನ ಬಗ್ಗೆ ನನಗೆ ಹೆಚ್ಚು ಭಯ. ಬಾವಿಯ ನೀರು ಇದ್ದಲ್ಲೇ ಇರುತ್ತದೆ, ಕಡಲಿನದು ಹಾಗಲ್ಲ. ದಡಕ್ಕೆ ನುಗ್ಗಿದ ಅಲೆಯ ನೀರೆಲ್ಲ ವಾಪಸ್ ಹೋಗಲೇಬೇಕಲ್ಲ? ತಳದ ಮರಳಿನಲ್ಲಿ ತಗ್ಗು ಸಿಕ್ಕಿದ ಕಡೆ ಅದು ತೂಬು ಎತ್ತಿದ ಕೆರೆಯ ಹಾಗೆ ಒಂದೇ ಕಿಂಡಿಯಲ್ಲಿ ರಭಸವಾಗಿ ಹೊರಡುತ್ತದೆ. ಸೆಳೆತ ಅಂದರೆ ಅದೇ. ಮೋಸ ಏನೆಂದರೆ, ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಪಕ್ಕ ಬಿಳಿ ನೊರೆ, ನಡುವೆ ಸುಮ್ಮನೆ ಮಲಗಿದ ಹಾಗಿರುವ ನೀರು. ನಮ್ಮ ಕಡೆಯವರು ಅಲೆಗೆ ಹೆದರಿ, ಇಲ್ಲಿ ಶಾಂತವಾಗಿದೆ ಅಂತ ಅಲ್ಲೇ ಇಳಿಯುತ್ತಾರೆ.

ಸಿಕ್ಕಿಕೊಂಡರೆ ದಡದ ಕಡೆ ಮುಖಮಾಡಿ ಸೆಳೆತಕ್ಕೆ ಎದುರು ಈಜಬೇಡಿ; ಎಂಥ ಗಟ್ಟಿ ಆಳಿಗೂ ರಟ್ಟೆ ಸೋಲುತ್ತದೆ. ಅದು ನಿಮ್ಮನ್ನು ಹೊರಕ್ಕೆ ಒಯ್ಯುತ್ತದೆಯೇ ಹೊರತು ತಳಕ್ಕೆ ಎಳೆಯುವುದಿಲ್ಲ. ತೇಲಿ, ಕೈ ಎತ್ತಿ ಕೂಗಿ. ಕಿಂಡಿಯ ಅಗಲ ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ. ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಕಡೆಯಿಂದ ವಾಪಸ್ ಬನ್ನಿ. ಇದಕ್ಕಿಂತ ಕಷ್ಟದ ಮಾತು ಇನ್ನೊಂದು: ಸ್ನೇಹಿತ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ! ಹಗ್ಗ, ಖಾಲಿ ಕ್ಯಾನು, ಗಾಡಿಯ ಟ್ಯೂಬು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ಲೈಫ್‌ಗಾರ್ಡನ್ನು ಕೂಗಿ, 112ಕ್ಕೆ ಫೋನ್ ಮಾಡಿ.

ಇನ್ನು ನೋಡುವ ಜಾಗಗಳು. ಉಡುಪಿ ಕಡೆ ಹೋದರೆ ಕಾಪು ಲೈಟ್‌ಹೌಸ್ ತಪ್ಪಿಸಬೇಡಿ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ. ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ ಅದಕ್ಕಿಂತ ಹಳೆಯದು, 1864ರದು. ಕಾಪುವಿನ ಕಪ್ಪು ಬಿಳಿ ಪಟ್ಟೆ ಅಂದಕ್ಕೆ ಬಳಿದದ್ದಲ್ಲ, ಹಗಲು ದೂರದ ಹಡಗಿನವರು ಗುರುತು ಹಿಡಿಯಲಿ ಅಂತ. ರಾತ್ರಿಗೆ ಬೆಳಕಿನ ಮಿನುಗು. ಒಂದೊಂದು ದೀಪದ ಲಯ ಒಂದೊಂದು, ಅದನ್ನು ಎಣಿಸಿಯೇ ಇದು ಯಾವ ಊರು ಅಂತ ನಾವಿಕ ತಿಳಿಯುತ್ತಾನೆ. ಮೇಲೆ ಹತ್ತಿ ನೋಡಿದರೆ ಮರಳು, ತೆಂಗು, ಬಂಡೆ, ಕಡಲು ಎಲ್ಲ ಒಂದೇ ನೋಟಕ್ಕೆ. ಆದರೆ ಯೋಚನೆ ಮಾಡಿ, ಆ ಗೋಪುರ ಅಲ್ಲೇ ಯಾಕಿದೆ? ಇಲ್ಲಿ ಬಂಡೆ ಇದೆ, ದೂರ ಇರಿ ಅಂತ ಹಡಗುಗಳಿಗೆ ಹೇಳಲು. ಹಡಗೇ ಹೆದರಿ ದೂರ ಸರಿಯುವ ಬಂಡೆಯ ತುದಿಗೆ ನಮ್ಮ ಹುಡುಗ ಚಪ್ಪಲಿ ಹಾಕಿಕೊಂಡು ಸೆಲ್ಫಿಗೆ ಹೋಗುತ್ತಾನೆ! ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಹತ್ತು ಅಲೆ ಸಣ್ಣದು ಬಂದ ಮೇಲೆ ಹನ್ನೊಂದನೆಯದು ದೊಡ್ಡದು ಬರಬಹುದು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಕಲ್ಲುಗಳವು, ನಮ್ಮ ಭೂಮಿ ಮಡಗಾಸ್ಕರಿನಿಂದ ಬೇರೆಯಾದ ಕಾಲದವು. ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತಬೇಡಿ. ನೀರಿಗೆ ಇಳಿಯಲೇಬೇಕೆಂದರೆ ಪಡುಬಿದ್ರಿ ಇದೆ, ಹೊನ್ನಾವರದ ಕಾಸರಕೋಡು ಇದೆ. ಎರಡಕ್ಕೂ 2020ರಲ್ಲಿ ಸ್ವಚ್ಛ, ಸುರಕ್ಷಿತ ಕಡಲತೀರ ಅನ್ನುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಅಲ್ಲಿಯೂ ಮೊಣಕಾಲು ಮಟ್ಟ ಸಾಕು. ಕೆಂಪು ಬಾವುಟ ಹಾರುತ್ತಿದ್ದರೆ ಅಷ್ಟೂ ಬೇಡ.

ಮಳೆಗಾಲದಲ್ಲಿ ಹೊರಡಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಮೀನುಗಾರಿಕೆ ದೋಣಿಗಳೇ ಬಂದರಿನಲ್ಲಿ ಕಟ್ಟಿ ನಿಂತಿರುತ್ತವೆ, ಶಿರಾಡಿಯಲ್ಲಿ ಗುಡ್ಡ ಕುಸಿಯುವ ಕಾಲವೂ ಅದೇ. ಸಂಕ್ರಾಂತಿ ಕಳೆದ ಮೇಲೆ ಹೋಗಿ. ರಾತ್ರಿಯೆಲ್ಲ ಪ್ರಯಾಣ ಮಾಡಿ, ನಿದ್ದೆಗಣ್ಣಿನಲ್ಲಿ ನೇರ ನೀರಿಗೆ ಓಡಬೇಡಿ. ಕುಡಿದವನನ್ನಂತೂ ಮರಳಿನ ಹತ್ತಿರಕ್ಕೂ ಬಿಡಬೇಡಿ. ಬಲೆ ಸರಿಮಾಡುತ್ತ ಕೂತ ಮೊಗವೀರರು ಯಾರಾದರೂ ಇದ್ದರೆ, ‘ಅಣ್ಣಾ, ಇವತ್ತು ಇಲ್ಲಿ ಇಳಿಯಬಹುದಾ?’ ಅಂತ ಕೇಳಿ. ಅವರು ತಲೆ ಅಡ್ಡ ಆಡಿಸಿದರೆ ವಾದ ಮಾಡದೆ ದಡದಲ್ಲೇ ಕೂತು ಚುರುಮುರಿ ತಿನ್ನಿ. ಹೊರಡುವ ಮುಂಚೆ ಯಾವ ದಿನ ಯಾವ ಊರಲ್ಲಿರುತ್ತೀರಿ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಒಬ್ಬನಾದರೂ ನೀರಿಗೆ ಇಳಿಯದೆ ದಡದಲ್ಲಿ ನಿಂತು ಉಳಿದವರ ತಲೆ ಎಣಿಸುತ್ತಿರಲಿ. ಅವನು ಯಾರು ಅನ್ನುವುದನ್ನು ನಂಗಲಿ ಬಿಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.