ವಿಮಾನ ಬಿದ್ದ ದಿನದಿಂದಲೇ ಓಡುವ ಗಡುವು

1993ರ ಏಪ್ರಿಲ್ 26. ಆಗಿನ ಔರಂಗಾಬಾದ್, ಇಂದಿನ ಛತ್ರಪತಿ ಸಂಭಾಜಿನಗರದ ಚಿಕಲಠಾಣಾ ನಿಲ್ದಾಣದಿಂದ ಮೇಲೇಳುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737, ರನ್‌ವೇ ಆಚೆಯ ಬೀಡ್ ರಸ್ತೆಯಲ್ಲಿ ಹತ್ತಿ ಹೇರಿಕೊಂಡು ಹೋಗುತ್ತಿದ್ದ ಲಾರಿಗೆ ಬಡಿಯಿತು. ಮುಂದೆ ವಿದ್ಯುತ್ ತಂತಿಗೆ ತಾಗಿ ಉರುಳಿತು. ಒಳಗಿದ್ದ 118 ಮಂದಿಯಲ್ಲಿ 55 ಜನ ಸತ್ತರು. ವಿಮಾನದ ಮೂತಿ ಎತ್ತಲು ಪೈಲಟ್‌ಗಳು ತಡಮಾಡಿದ್ದು ಒಂದು ತಪ್ಪು, ವಿಮಾನದ ಹೊತ್ತಿನಲ್ಲಿ ರಸ್ತೆ ಸಂಚಾರಕ್ಕೆ ತಡೆ ಹಾಕದ ನಿಲ್ದಾಣ ಪ್ರಾಧಿಕಾರದ್ದು ಇನ್ನೊಂದು ಎಂದಿತು ತನಿಖೆ. ಹನ್ನೊಂದು ವರ್ಷದ ನಂತರ, 2004ರ ಏಪ್ರಿಲ್ 17ರಂದು, ಬೆಂಗಳೂರಿನ ಜಕ್ಕೂರಿನಿಂದ ಹಾರಿದ ಪುಟ್ಟ ಸೆಸ್ನಾ 180 ಕೆಲವೇ ಕ್ಷಣಗಳಲ್ಲಿ ಬಿದ್ದು ನಟಿ ಸೌಂದರ್ಯ, ಅವರ ಅಣ್ಣ ಸೇರಿ ನಾಲ್ವರು ತೀರಿಕೊಂಡರು.

ಎರಡೂ ಮೇಲೇಳುವಾಗಿನ ಅಪಘಾತಗಳೇ. ಆದರೆ ಪರಿಹಾರದ ಮಾತು ಬಂದಾಗ ಕಾನೂನು ಮೊದಲು ಕೇಳುವ ಪ್ರಶ್ನೆಯೇ ಬೇರೆ: ಸತ್ತವರು ಯಾವ ಲೆಕ್ಕದಲ್ಲಿ ವಿಮಾನ ಹತ್ತಿದ್ದರು?

ಟಿಕೆಟ್ ಕೊಂಡೋ, ಬಾಡಿಗೆ ಕೊಟ್ಟು ಚಾರ್ಟರ್ ಮಾಡಿಯೋ ಹೋಗಿದ್ದರೆ 1972ರ ವಾಯು ಸಾರಿಗೆ ಕಾಯ್ದೆ ಅನ್ವಯಿಸುತ್ತದೆ. ಗೆಳೆಯರ ಖಾಸಗಿ ವಿಮಾನದಲ್ಲಿ ಪುಕ್ಕಟೆ ಅತಿಥಿಯಾಗಿದ್ದರೆ ಸಾಮಾನ್ಯವಾಗಿ ಆ ಕಾಯ್ದೆಯ ನೆರಳು ಸಿಗದು. 1855ರ ಮಾರಕ ಅಪಘಾತಗಳ ಕಾಯ್ದೆಯಡಿ ಸಿವಿಲ್ ಕೋರ್ಟಿಗೆ ಹೋಗಿ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಈ ವ್ಯತ್ಯಾಸ ಮನೆಯೊಳಗೂ ಬರುತ್ತದೆ. 1972ರ ಕಾಯ್ದೆ ಕುಟುಂಬದವರ ಪಟ್ಟಿಯಲ್ಲಿ ಅಣ್ಣತಮ್ಮ, ಅಕ್ಕತಂಗಿಯರನ್ನೂ ಸೇರಿಸುತ್ತದೆ. 1855ರದ್ದು ಗಂಡ, ಹೆಂಡತಿ, ತಂದೆತಾಯಿ, ಮಕ್ಕಳಲ್ಲೇ ನಿಲ್ಲುತ್ತದೆ. ಅಣ್ಣನ ದುಡಿಮೆಯನ್ನೇ ನಂಬಿದ ತಂಗಿಗೆ ಇದು ಅನ್ಯಾಯವೇ ಸರಿ. ಪೈಲಟ್, ಸಿಬ್ಬಂದಿ ಕೆಲಸದ ಮೇಲಿದ್ದರೆ ನೌಕರರ ಪರಿಹಾರದ ಕಾನೂನಿನಡಿಯೂ ದಾರಿಯಿದೆ.

ದಾರಿ ಮೂರಾದರೂ ಗಡುವು ಒಂದೇ: ಎರಡು ವರ್ಷ. ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲೇ. ‘ದಿಲ್ಲಿಯಿಂದ ವರದಿ ಬರಲಿ, ಆಮೇಲೆ ನೋಡೋಣ’ ಎಂದು ಕೂತುಬಿಡುತ್ತಾರೆ. ವಿಮಾನ ಅಪಘಾತ ತನಿಖಾ ಬ್ಯೂರೋ ನಡೆಸುವ ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದು; ತಪ್ಪು ಯಾರದೆಂದು ತೀರ್ಪು ಕೊಡುವುದಲ್ಲ, ಹಣ ಕೊಡಿಸುವುದಂತೂ ಅಲ್ಲವೇ ಅಲ್ಲ. ಪ್ರಾಥಮಿಕ ವರದಿ ಮೂವತ್ತು ದಿನಕ್ಕೆ, ಅಂತಿಮ ವರದಿ ಸಾಧ್ಯವಾದರೆ ವರ್ಷದೊಳಗೆ ಎಂಬುದು ಅಂತರರಾಷ್ಟ್ರೀಯ ರೂಢಿ. ಆ ‘ಸಾಧ್ಯವಾದರೆ’ ಬಹಳ ಹಿಗ್ಗುವಂಥದ್ದು.

ಪೊಲೀಸರ ಕೆಲಸ ಇದರಿಂದ ಬೇರೆ. ಅಸಹಜ ಸಾವಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ಪಂಚನಾಮೆ, ಮರಣೋತ್ತರ ಪರೀಕ್ಷೆ. ನಿರ್ಲಕ್ಷ್ಯ ಕಂಡರೆ ಭಾರತೀಯ ನ್ಯಾಯ ಸಂಹಿತೆಯ 106ರಡಿ ಮೊಕದ್ದಮೆ. ಎಫ್‌ಐಆರ್ ದಾಖಲಾದರೆ ಪ್ರತಿ ಉಚಿತ. ಅಪಘಾತ ಮಹಾರಾಷ್ಟ್ರದಲ್ಲಾಗಿದ್ದರೆ ಪೊಲೀಸ್ ದಾಖಲೆಗಳು ಸಾಮಾನ್ಯವಾಗಿ ಮರಾಠಿಯಲ್ಲಿರುತ್ತವೆ, ಕನ್ನಡದ ಕುಟುಂಬಗಳು ದೃಢೀಕೃತ ಪ್ರತಿ ಪಡೆದು ಅನುವಾದ ಮಾಡಿಸಿಕೊಳ್ಳಬೇಕು. ವಿಮೆಯ ಪಾಲಿಸಿಯನ್ನೂ ಓದಿ: ಎಷ್ಟೋ ವೈಯಕ್ತಿಕ ಅಪಘಾತ ಪಾಲಿಸಿಗಳು ದುಡ್ಡು ಕೊಟ್ಟ ಪ್ರಯಾಣಿಕರಿಗೆ ಮಾತ್ರ ಹಣ ಕೊಡುತ್ತವೆ. ಕ್ಲೇಮು ತಿರಸ್ಕರಿಸಿದರೆ ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಕೊಡಬಹುದು. ಮತ್ತೆ, ದುಃಖದ ಮನೆಗೆ ಬಂದು ‘ಪೂರ್ಣ ಮತ್ತು ಅಂತಿಮ ಪರಿಹಾರ’ ಎಂಬ ಕಾಗದ ಮುಂದೆ ಹಿಡಿದರೆ ವಕೀಲರಿಗೆ ತೋರಿಸದೆ ಸಹಿ ಬೇಡ.

ನೆಲದ ಮೇಲಿದ್ದವರ ಪಾಡೇನು? 2024ರ ಜೂನ್ 4ರಂದು ನಾಸಿಕ್ ಜಿಲ್ಲೆ ನಿಫಾಡ ತಾಲೂಕಿನ ಶಿರಸಗಾಂವದ ಹೊಲಕ್ಕೆ ಸುಖೋಯ್ ಯುದ್ಧವಿಮಾನ ಬಿತ್ತು. ಇಬ್ಬರೂ ಪೈಲಟ್‌ಗಳು ಹೊರಜಿಗಿದು ಉಳಿದರು. ಸೇನಾ ವಿಮಾನಕ್ಕೆ ನಾಗರಿಕ ತನಿಖೆಯ ನಿಯಮ ಅನ್ವಯಿಸದು, ಸೇನೆಯದೇ ವಿಚಾರಣೆ ನಡೆಯುತ್ತದೆ. ಖಾಸಗಿ ವಿಮಾನವಾದರೆ ಮಾಲೀಕರು, ನಿರ್ವಾಹಕರ ಮೇಲೆ ನಷ್ಟಭರ್ತಿ ದಾವೆ. ಎರಡರಲ್ಲೂ ಆ ದಿನವೇ ಗ್ರಾಮದ ಕಂದಾಯ ಅಧಿಕಾರಿ ತಲಾಠಿಯಿಂದ ಬೆಳೆ, ಬಾವಿ, ಮನೆ ನಷ್ಟದ ಪಂಚನಾಮೆ ಮಾಡಿಸಿ ಫೋಟೊ ತೆಗೆದಿಟ್ಟುಕೊಳ್ಳಿ. ಜೀವ ಉಳಿಸಲು, ಬೆಂಕಿ ಆರಿಸಲು ಬಿಟ್ಟರೆ ಅವಶೇಷ ಮುಟ್ಟುವಂತಿಲ್ಲ. ನೆನಪಿಗೆಂದು ಒಂದು ಚೂರು ಎತ್ತಿಕೊಂಡು ಹೋಗುವವರು ಪ್ರತಿ ಅಪಘಾತಕ್ಕೂ ಬರುತ್ತಾರೆ. ಆ ಚೂರು ಸಾಕ್ಷ್ಯವಾಗಿರಬಹುದು.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಸಾಮೂಹಿಕ ದುರಂತದ ಸಂತ್ರಸ್ತರಿಗೆ ನೆರವು ಉಚಿತ. ಸಂಭಾಜಿನಗರ, ನಾಸಿಕ್ ಎರಡೂ ಜಿಲ್ಲಾ ನ್ಯಾಯಾಲಯಗಳಲ್ಲಿ ಪ್ರಾಧಿಕಾರದ ಕಚೇರಿ ಇದೆ, ಫೋನ್ 15100. ಹೈಕೋರ್ಟ್‌ವರೆಗೆ ಹೋದರೆ ಮಾತ್ರ ಹಾದಿ ಕವಲೊಡೆಯುತ್ತದೆ: ಸಂಭಾಜಿನಗರದ ಪ್ರಕರಣ ಅಲ್ಲಿನ ಪೀಠಕ್ಕೆ, ನಾಸಿಕದ್ದು ಮುಂಬೈಗೆ.